ಚೆನ್ನಾಗಿ ನೋಡಿಕೊಂಡ ಸ್ನೋಮೊಬೈಲ್ ಎಷ್ಟು ಮೈಲಿ ಬಾಳುತ್ತದೆ?

ಮೊದಲಹಿಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಿಮದ ಮೇಲೆ ಓಡುವ ಗಾಡಿಯಾದ ಸ್ನೋಮೊಬೈಲ್ ಒಂದನ್ನು, ಬಳಸಿದ್ದನ್ನೇ, ಕೊಳ್ಳುವ ಆಲೋಚನೆಯಲ್ಲಿದ್ದೇನೆ. ನಾನು ನೋಡಿಬಂದಿರುವುದು 2012ರ ಮಾದರಿಯ, 600 ಸಿಸಿಯ, ಎರಡು ಸಿಲಿಂಡರುಗಳ, ಕೂಲಂಟ್‌ನಿಂದ ತಂಪಾಗುವ ಟೂ-ಸ್ಟ್ರೋಕ್ ಗಾಡಿ. ಓಡೊಮೀಟರ್ 9,200 ಮೈಲಿ, ಅಂದರೆ ಸುಮಾರು 14,800 ಕಿಲೋಮೀಟರ್ ತೋರಿಸುತ್ತಿದೆ. ಮೊದಲಿನಿಂದಲೂ ಒಬ್ಬರೇ ಮಾಲೀಕರು. ಪ್ರತಿ ಹಿಮಕಾಲ ಮುಗಿದ ಮೇಲೆ ತಪ್ಪದೆ ಸರ್ವಿಸ್ ಮಾಡಿಸಿದ್ದೇನೆಂದು ಅವರು ಹೇಳಿದರು. ಎಂಜಿನ್ನನ್ನು ಇದುವರೆಗೆ ಒಮ್ಮೆಯೂ ಬಿಚ್ಚಿಲ್ಲ ಎಂಬುದನ್ನು ತುಸು ಹೆಮ್ಮೆಯಿಂದಲೇ ಹೇಳಿದರು. ಆ ಮಾತನ್ನು ಗಾಡಿಯ ಗುಣವೆಂದು ತಿಳಿಯಬೇಕೋ, ಮುಂದೆ ನನ್ನ ತಲೆಗೆ ಬರಲಿರುವ ಖರ್ಚಿನ ಸೂಚನೆಯೆಂದು ತಿಳಿಯಬೇಕೋ ಗೊತ್ತಾಗಲಿಲ್ಲ.

ಕಾರಿನ ವಿಷಯದಲ್ಲಾದರೆ ಒಂದು ಲಕ್ಷ ಮೈಲಿ ಓಡಿದ್ದನ್ನೂ ಧೈರ್ಯದಿಂದ ಕೊಳ್ಳುವವರಿದ್ದಾರೆ. ಇಲ್ಲಿ ಹತ್ತು ಸಾವಿರ ಎಂದ ಕೂಡಲೇ ಜನ ಮುಖ ಸಿಂಡರಿಸುವುದನ್ನು ನೋಡುತ್ತಿದ್ದೇನೆ. ಚೆನ್ನಾಗಿ ನೋಡಿಕೊಂಡ ಸ್ನೋಮೊಬೈಲ್‌ನಿಂದ ಎಷ್ಟು ಮೈಲಿ ನಿರೀಕ್ಷಿಸುವುದು ನ್ಯಾಯ? ಈ ಗಾಡಿಯಲ್ಲಿ ಇನ್ನೆಷ್ಟು ಉಳಿದಿದೆಯೆಂದು ಹೊರಗಿನವನೊಬ್ಬ ಅಂದಾಜು ಮಾಡುವುದು ಹೇಗೆ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೆಯ ಸ್ಪಾನರ್ ಉತ್ತರಿಸಿದ್ದು:

ಮೊದಲು ನೇರ ಉತ್ತರ. ಹದವಾಗಿ ಓಡಿಸಿ, ಕಾಲಕಾಲಕ್ಕೆ ನೋಡಿಕೊಂಡ, ಕೂಲಂಟ್‌ನಿಂದ ತಂಪಾಗುವ ಟೂ-ಸ್ಟ್ರೋಕ್ ಎಂಜಿನ್ನಿನಿಂದ 10,000 ಮೈಲಿ ನಿರೀಕ್ಷಿಸುವುದರಲ್ಲಿ ತಪ್ಪೇನಿಲ್ಲ. ಬಿಚ್ಚದೆಯೇ 12,000ದಿಂದ 15,000 ಮೈಲಿ ಓಡಿದವೂ ಸಾಕಷ್ಟಿವೆ. ಫೋರ್-ಸ್ಟ್ರೋಕ್ ಆದರೆ 20,000 ಮೈಲಿ ದೊಡ್ಡ ಮಾತಲ್ಲ, 30,000 ದಾಟಿದವೂ ಇವೆ. ಆದರೆ ಈ ಅಂಕಿಗಳು ಎಂಜಿನ್ನು ಮೊದಲ ಬಾರಿಗೆ ದೊಡ್ಡ ಕೆಲಸ ಕೇಳುವವರೆಗಿನ ದೂರವನ್ನು ಹೇಳುತ್ತವೆಯೇ ಹೊರತು ಗಾಡಿಯ ಆಯುಸ್ಸನ್ನಲ್ಲ. ಪಿಸ್ಟನ್ ಮತ್ತು ರಿಂಗ್ ಬದಲಿಸಿದರೆ ಅದೇ ಎಂಜಿನ್ನು ಮತ್ತೆ ಅಷ್ಟೇ ದೂರ ಓಡಬಲ್ಲದು. ಈಗಿನ ಸಿಲಿಂಡರುಗಳ ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿದ ಗಟ್ಟಿ ಲೇಪನವಿರುತ್ತದೆ. ಏನೂ ಕಚ್ಚಿ ಗೀರದಿದ್ದರೆ ಆ ಗೋಡೆ ಎರಡು ಮೂರು ಜೊತೆ ಪಿಸ್ಟನ್ನುಗಳನ್ನು ಕಂಡರೂ ಸವೆಯುವುದು ಬಹಳ ಕಡಿಮೆ.

ಕಾರಿನ ಹೋಲಿಕೆಯನ್ನು ನೀವೇ ಎತ್ತಿದ್ದರಿಂದ ಒಂದು ಸ್ಥೂಲ ಲೆಕ್ಕ ಮಾಡಿ ನೋಡೋಣ. ಸ್ನೋಮೊಬೈಲ್ ಹಾದಿಯಲ್ಲಿ, ನಿಲುಗಡೆ ತಿರುವುಗಳನ್ನೆಲ್ಲ ಸೇರಿಸಿ, ಸರಾಸರಿ ಗಂಟೆಗೆ 25 ಮೈಲಿ ಓಡುತ್ತದೆ ಎಂದುಕೊಂಡರೆ 10,000 ಮೈಲಿಗೆ 400 ಗಂಟೆ ಆಗುತ್ತದೆ. ಆ ಹೊತ್ತಿನಲ್ಲಿ ಎಂಜಿನ್ನು ನಿಮಿಷಕ್ಕೆ ಸರಾಸರಿ 6,000 ಸುತ್ತು ತಿರುಗಿದರೆ ಒಟ್ಟು 14.4 ಕೋಟಿ ಸುತ್ತು. ಕಾರು ಸರಾಸರಿ 40 ಮೈಲಿ ವೇಗದಲ್ಲಿ ಒಂದು ಲಕ್ಷ ಮೈಲಿ ಓಡಲು 2,500 ಗಂಟೆ ಬೇಕು. ನಿಮಿಷಕ್ಕೆ 2,000 ಸುತ್ತಿನಂತೆ 30 ಕೋಟಿ ಸುತ್ತು. ಆದರೆ ಕಾರಿನ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿದರೆ, ಟೂ-ಸ್ಟ್ರೋಕ್‌ನಲ್ಲಿ ಸುತ್ತಿಗೊಮ್ಮೆ ಉರಿಯುತ್ತದೆ. ಆದ್ದರಿಂದ ಒಂದು ಲಕ್ಷ ಮೈಲಿ ಓಡಿದ ಕಾರಿನ ಪಿಸ್ಟನ್ ತಿಂದ ಹೊಡೆತ 15 ಕೋಟಿ, ಹತ್ತು ಸಾವಿರ ಮೈಲಿ ಓಡಿದ ಸ್ನೋಮೊಬೈಲ್ ಪಿಸ್ಟನ್ ತಿಂದದ್ದು 14.4 ಕೋಟಿ. ಹೆಚ್ಚುಕಡಿಮೆ ಸಮ. ನಿಮ್ಮವರು ಮುಖ ಸಿಂಡರಿಸುವುದು ಅಂಕಿಯಲ್ಲಿ ಒಂದು ಸೊನ್ನೆ ಕಡಿಮೆಯಿದ್ದರೂ ಎಂಜಿನ್ನು ದುಡಿದದ್ದು ಕಡಿಮೆಯಲ್ಲ ಎಂಬ ಕಾರಣಕ್ಕೇ ಇರಬೇಕು.

ಹೊರೆಯಲ್ಲಿಯೂ ವ್ಯತ್ಯಾಸವಿದೆ. ಕಾರು ಸಮತಟ್ಟಾದ ರಸ್ತೆಯಲ್ಲಿ ಒಮ್ಮೆ ವೇಗ ಹಿಡಿದರೆ ಅದನ್ನು ಉಳಿಸಿಕೊಳ್ಳಲು ಸ್ವಲ್ಪವೇ ಶಕ್ತಿ ಸಾಕು. ಸ್ನೋಮೊಬೈಲ್ ಹಾಗಲ್ಲ, ಥ್ರಾಟಲ್ ಬಿಟ್ಟ ಕ್ಷಣದಲ್ಲೇ ಹಿಮವೂ, ಗಾಡಿಯನ್ನು ಮುಂದಕ್ಕೆ ನೂಕುವ ರಬ್ಬರ್ ಪಟ್ಟಿಯಾದ ಟ್ರ್ಯಾಕಿನ ಎಳೆತವೂ ಸೇರಿ ಅದನ್ನು ನಿಲ್ಲಿಸಿಬಿಡುತ್ತವೆ. ಅಂದರೆ ಎಂಜಿನ್ನು ಸದಾ ಏರು ಹತ್ತುತ್ತಿರುವ ಹಾಗೆಯೇ ದುಡಿಯುತ್ತಿರುತ್ತದೆ. ಸಾಲದ್ದಕ್ಕೆ, ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ ಮೇಲೆ ಪ್ರತಿ ಸುತ್ತಿನಲ್ಲೂ ಉಜ್ಜಿಕೊಂಡು ಹೋಗುತ್ತವೆ. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ದಂಡದ, ಅಂದರೆ ಕ್ರ್ಯಾಂಕಿನ, ಬೇರಿಂಗುಗಳು ಬದುಕುವುದು ಪೆಟ್ರೋಲಿನೊಡನೆ ಬರುವ ಎಣ್ಣೆಯ ಮಂಜಿನ ಮೇಲೆ. ಕಾರಿಗಿರುವಂತೆ ತಳದಲ್ಲಿ ಎಣ್ಣೆಯ ಕೊಳ ಇದಕ್ಕಿಲ್ಲ.

ಇನ್ನು ಚೆನ್ನಾಗಿ ನೋಡಿಕೊಳ್ಳುವುದು ಎಂಬ ಮಾತು. ಇದನ್ನು ಎಲ್ಲ ಮಾರಾಟಗಾರರೂ ಹೇಳುತ್ತಾರೆ, ಆದ್ದರಿಂದ ಬಿಡಿಸಿ ಕೇಳಿ. ಟ್ರ್ಯಾಕಿಗೆ ಶಕ್ತಿ ಸಾಗಿಸುವ ಚೈನಿನ ಪೆಟ್ಟಿಗೆಯ, ಅಂದರೆ ಚೈನ್‌ಕೇಸಿನ, ಎಣ್ಣೆಯನ್ನು ವರ್ಷಕ್ಕೊಮ್ಮೆ ಬದಲಿಸಿ ಚೈನಿನ ಬಿಗಿತ ನೋಡಿದ್ದಾರೆಯೇ? ಕ್ಲಚ್ ಬಿಚ್ಚಿ ರೋಲರು, ಬುಶ್, ಸ್ಪ್ರಿಂಗುಗಳನ್ನು ಪರೀಕ್ಷಿಸಿದ್ದಾರೆಯೇ? ಕ್ಲಚ್ ಸರಿಯಿದ್ದರೆ ಹಾದಿಯ ಗಾಡಿಯಲ್ಲಿ ಎರಡು ಕ್ಲಚ್ಚುಗಳ ನಡುವೆ ಓಡುವ ಡ್ರೈವ್ ಬೆಲ್ಟ್ ಎರಡು ಸಾವಿರ ಮೈಲಿಯ ಆಸುಪಾಸು ಬರುತ್ತದೆ. ಐನೂರಕ್ಕೊಂದು ಬೆಲ್ಟ್ ತಿಂದಿದ್ದರೆ ದೋಷ ಬೆಲ್ಟಿನದಲ್ಲ, ಕ್ಲಚ್ಚಿನ ಜೋಡಣೆಯದು. ಸಸ್ಪೆನ್ಷನ್ ಹಳಿಗಳ ಅಡಿಯಲ್ಲಿ ಜಾರುವ ಪ್ಲಾಸ್ಟಿಕ್ ಸ್ಲೈಡರುಗಳನ್ನು ಬಗ್ಗಿ ನೋಡಿ. ಅವುಗಳಿಗೆ ಹಿಮವೇ ಎಣ್ಣೆ, ಹಿಮವೇ ನೀರು. ಬರಿ ಮಂಜುಗಡ್ಡೆಯ ಮೇಲೋ, ಹಿಮ ಕರಗಿದ ನೆಲದ ಮೇಲೋ ಓಡಿಸಿದ ಗಾಡಿಯಲ್ಲಿ ಅವು ಬಿಸಿಯಾಗಿ ಕರಗಿ ಸವೆದಿರುತ್ತವೆ. ಅಂಥ ಓಟದಲ್ಲಿ ಎಂಜಿನ್ನೂ ಕಾದಿರುತ್ತದೆ ಎಂಬುದನ್ನು ಮರೆಯಬೇಡಿ, ಏಕೆಂದರೆ ಟ್ರ್ಯಾಕು ಮೇಲಕ್ಕೆ ಎರಚುವ ಹಿಮವೇ ಸೀಟಿನ ಕೆಳಗಿನ ಶಾಖ ವಿನಿಮಯದ ತಟ್ಟೆಗಳನ್ನು ತಂಪಾಗಿಡುವುದು. ಸ್ಲೈಡರು, ಮುಂದಿನ ಸ್ಕೀಗಳ ತಳದ ಕಾರ್ಬೈಡ್ ಅಂಚು, ಗಾಲಿಗಳ ಬೇರಿಂಗು ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಬದಲಿಸಿದ್ದರೆ ಒಳ್ಳೆಯದು, ಬದಲಿಸಿಲ್ಲವಾದರೆ ಬೆಲೆಯಲ್ಲಿ ಮುರಿದುಕೊಳ್ಳಿ. ಟ್ರ್ಯಾಕ್ ಮಾತ್ರ ದೊಡ್ಡ ಖರ್ಚು. 9,200 ಮೈಲಿಗೂ ಮೊದಲಿನ ಟ್ರ್ಯಾಕೇ ಇದ್ದರೆ ಅದರ ದಿನಗಳು ಮುಗಿಯುತ್ತಾ ಬಂದಿವೆ ಎಂದೇ ಎಣಿಸಿ.

ಕೊನೆಗೆ, ಎಂಜಿನ್ ಬಿಚ್ಚಿಲ್ಲ ಎಂಬ ಹೆಮ್ಮೆಯ ಬಗ್ಗೆ. ನಾನಾಗಿದ್ದರೆ ಈ ಹೊತ್ತಿಗೆ ಪಿಸ್ಟನ್ನುಗಳನ್ನು ಮುಂಜಾಗ್ರತೆಗಾಗಿ ಬದಲಿಸಿಬಿಟ್ಟಿರುತ್ತಿದ್ದೆ. ಟೂ-ಸ್ಟ್ರೋಕ್ ಪಿಸ್ಟನ್ನಿನ ಕೆಳ ಅಂಚು ವರ್ಷಗಟ್ಟಲೆ ಬಡಿದಾಡಿ ಸಣ್ಣಗೆ ಬಿರುಕು ಬಿಡುತ್ತದೆ. ಅದರ ಚೂರು ಮುರಿದು ಕ್ರ್ಯಾಂಕಿನೊಳಗೆ ಬಿದ್ದರೆ, ಎರಡು ಪಿಸ್ಟನ್ನಿನಲ್ಲಿ ಮುಗಿಯಬೇಕಾಗಿದ್ದ ಕೆಲಸ ಇಡೀ ಎಂಜಿನ್ನಿನ ಕೆಲಸವಾಗುತ್ತದೆ.

ಬೆಟ್ಟದ ಸವಾರ ಉತ್ತರಿಸಿದ್ದು:

ಸ್ಪಾನರ್ ಅವರ ಲೆಕ್ಕಕ್ಕೆ ನನ್ನ ತಕರಾರಿಲ್ಲ, ಆದರೆ ಅದು ಹಾದಿಯ ಗಾಡಿಯ ಲೆಕ್ಕ. ಆಳವಾದ ಪುಡಿಹಿಮದಲ್ಲಿ ಇಳಿಜಾರು ಹತ್ತುವ ನಮ್ಮಂಥವರ ಗಾಡಿಗಳಲ್ಲಿ 800 ಸಿಸಿಗೂ ಮೇಲ್ಪಟ್ಟ ಎಂಜಿನ್ನುಗಳು ಪೂರ್ತಿ ಥ್ರಾಟಲ್‌ನಲ್ಲಿ, ನಿಮಿಷಕ್ಕೆ 8,000 ಸುತ್ತಿನ ಹತ್ತಿರ ನಿಮಿಷಗಟ್ಟಲೆ ಕಿರುಚುತ್ತಿರುತ್ತವೆ. ನಾನು 3,000ದಿಂದ 4,000 ಮೈಲಿಗೆ ಪಿಸ್ಟನ್ ಬದಲಿಸುತ್ತೇನೆ, ನನ್ನ ಜೊತೆಗಾರರೂ ಅದನ್ನೇ ಮಾಡುತ್ತಾರೆ.

ಹೊಸಬರಿಗೆ ತಿಳಿಯದಿರಬಹುದಾದ ಇನ್ನೊಂದು ಸಂಗತಿಯಿದೆ. ಓಡೊಮೀಟರ್ ಅಳೆಯುವುದು ಗಾಡಿ ಸಾಗಿದ ದೂರವನ್ನಲ್ಲ, ಟ್ರ್ಯಾಕು ತಿರುಗಿದ ದೂರವನ್ನು. ಗಟ್ಟಿ ಹಾದಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಪುಡಿಹಿಮದಲ್ಲಿ ಗಾಡಿ ಹತ್ತು ಮೈಲಿ ವೇಗದಲ್ಲಿ ತೆವಳುತ್ತಿರುವಾಗ ಟ್ರ್ಯಾಕು ನಲವತ್ತರಲ್ಲಿ ತಿರುಗುತ್ತಿರಬಹುದು, ಮೀಟರು ನಲವತ್ತನ್ನೇ ಬರೆದುಕೊಳ್ಳುತ್ತದೆ. ಹಾಗೆಂದು ಬೆಟ್ಟದ ಮೈಲಿ ಸುಳ್ಳು ಮೈಲಿ, ಹಗುರ ಮೈಲಿ ಎಂದು ಭಾವಿಸಬೇಡಿ. ಗಾಡಿ ಮುಂದೆ ಹೋಗದಿದ್ದರೂ ಎಂಜಿನ್ನು ಅಷ್ಟೂ ಕಷ್ಟಪಟ್ಟಿರುತ್ತದೆ.

ಆದ್ದರಿಂದ ಆ ಗಾಡಿ ಎಲ್ಲಿ ಓಡಿದೆ ಎಂಬುದನ್ನು ಮಾಲೀಕರ ಬಾಯಿಂದಷ್ಟೇ ಅಲ್ಲ, ಗಾಡಿಯಿಂದಲೂ ಕೇಳಿ. ಟ್ರ್ಯಾಕಿನ ಉದ್ದ 120ರಿಂದ 137 ಇಂಚಿನೊಳಗಿದ್ದು ಅದರ ಹಲ್ಲುಗಳು ಒಂದು, ಒಂದೂಕಾಲು ಇಂಚಿನವಾಗಿದ್ದರೆ ಹಾದಿಯ ಗಾಡಿ. 154 ಇಂಚಿಗಿಂತ ಉದ್ದ, ಎರಡೂವರೆ ಇಂಚಿನ ಹಲ್ಲು ಇದ್ದರೆ ಅದು ನಮ್ಮ ಜಾತಿಯದು. ಅಂಥದರಲ್ಲಿ 9,200 ಮೈಲಿಗೂ ಎಂಜಿನ್ ಬಿಚ್ಚಿಲ್ಲ ಎಂದರೆ ನಾನು ಮರುಮಾತಾಡದೆ ಎದ್ದು ಬರುತ್ತಿದ್ದೆ.

ನಾಲ್ಕು ಹೊಡೆತ ಉತ್ತರಿಸಿದ್ದು:

ನಾನು ಫೋರ್-ಸ್ಟ್ರೋಕ್ ಪಕ್ಷದವನೆಂದು ಹೆಸರೇ ಹೇಳುತ್ತದೆ, ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡೇ ಕೇಳಿ. ನನ್ನ ಮೂರು ಸಿಲಿಂಡರಿನ ಯಮಹಾದ ಮೀಟರಿನಲ್ಲಿ ಈಗ 23,400 ಮೈಲಿ ಇದೆ. ಎಂಜಿನ್ನಿಗೆ ನಾನು ಮಾಡಿದ್ದು ಎಣ್ಣೆ, ಫಿಲ್ಟರು, ಪ್ಲಗ್ಗು, ಕೂಲಂಟ್ ಬದಲಾವಣೆ ಮತ್ತು ಒಮ್ಮೆ ವಾಲ್ವುಗಳ ತೆರಪಿನ ಅಳತೆ. ತೆರಪು ಸರಿಯಾಗಿಯೇ ಇದ್ದುದರಿಂದ ಏನನ್ನೂ ಮುಟ್ಟದೆ ಮುಚ್ಚಿದೆವು.

ಆದರೆ 23,400 ಮೈಲಿ ಓಡಿದ್ದು ಎಂಜಿನ್ನು ಮಾತ್ರ. ಅದರ ಸುತ್ತಲಿನ ಗಾಡಿಯಲ್ಲಿ ಮೊದಲಿನದು ಏನು ಉಳಿದಿದೆಯೆಂದು ಒಮ್ಮೆ ಲೆಕ್ಕ ಹಾಕಿದಾಗ ನನಗೇ ನಗು ಬಂತು. ಈಗಿರುವುದು ಮೂರನೆಯ ಟ್ರ್ಯಾಕು. ಸಸ್ಪೆನ್ಷನ್ನಿನ ಗಾಲಿಗಳೆಲ್ಲ ಎರಡು ಬಾರಿ ಬದಲಾಗಿವೆ. ಶಾಕ್‌ಗಳನ್ನು ಬಿಚ್ಚಿ ಎಣ್ಣೆ, ಸೀಲು ಬದಲಿಸಿದ ಲೆಕ್ಕ ತಪ್ಪಿಹೋಗಿದೆ. ಟ್ರ್ಯಾಕನ್ನು ತಿರುಗಿಸುವ ಶಾಫ್ಟಿನ ಬೇರಿಂಗು 14,000 ಮೈಲಿಗೆ ಸದ್ದು ಮಾಡತೊಡಗಿತು. ಸ್ಟೀರಿಂಗಿನ ಕೀಲುಗಳು ಸಡಿಲವಾಗಿ ಗಾಡಿ ಹಾದಿಯಲ್ಲಿ ಅತ್ತಿತ್ತ ಅಲೆಯತೊಡಗಿದಾಗ ಅವನ್ನೂ ಬದಲಿಸಿದೆ. ಫೋರ್-ಸ್ಟ್ರೋಕ್ ಎಂಜಿನ್ನು ಭಾರ ಹೆಚ್ಚು. ಆ ಭಾರವನ್ನು ಹೊರುವುದು ಮುಂದಿನ ಸಸ್ಪೆನ್ಷನ್. ಎಂಜಿನ್ನಿನಲ್ಲಿ ಉಳಿಸಿದ್ದರಲ್ಲಿ ಒಂದು ಪಾಲನ್ನು ನಾನು ಅಲ್ಲಿಗೆ ಕಟ್ಟಿದ್ದೇನೆ.

ಫೋರ್-ಸ್ಟ್ರೋಕ್ ಕೊಳ್ಳುವವರಿಗೂ ಒಂದು ಎಚ್ಚರಿಕೆ. ಕೊರೆಯುವ ಚಳಿಯಲ್ಲಿ ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಅಭ್ಯಾಸವಿದ್ದರೆ ಎಂಜಿನ್ನು ಪೂರ್ತಿ ಬಿಸಿಯಾಗುವುದೇ ಇಲ್ಲ. ಪೆಟ್ರೋಲೂ ತೇವಾಂಶವೂ ಎಣ್ಣೆಗೆ ಬೆರೆತು, ಎಣ್ಣೆ ತುಂಬುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಪದರ ಕಟ್ಟುತ್ತದೆ. ಕಡಿಮೆ ಮೈಲಿಯ ಗಾಡಿಯಲ್ಲಿ ಇದು ಕಂಡರೆ ಅದು ಸುಖವಾಗಿ ಬಾಳಿದ ಗಾಡಿಯಲ್ಲವೆಂದು ತಿಳಿಯಬೇಕು.

ಬೆಟ್ಟದ ಸವಾರರ ಮಾತಿಗೆ ಪೂರಕವಾಗಿ ಇನ್ನೊಂದು ಮಾತು. ಅಲಾಸ್ಕಾದ ಐರನ್ ಡಾಗ್ ಸ್ಪರ್ಧೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮೈಲಿಯನ್ನು ಕೆಲವೇ ದಿನಗಳಲ್ಲಿ ಓಡಿಸುತ್ತಾರೆ. ಬಂಡೆಗಳಂತಾದ ಹಿಮದ ಮೇಲೆ, ಹೆಪ್ಪುಗಟ್ಟಿದ ನದಿಗಳ ಮೇಲೆ. ವಾರಾಂತ್ಯದ ಸವಾರನೊಬ್ಬನಿಗೆ ಅಷ್ಟೇ ದೂರ ಸಾಗಲು ಎರಡು ಮೂರು ಹಿಮಕಾಲ ಬೇಕು. ಇಬ್ಬರ ಮೀಟರೂ ತೋರಿಸುವ ಅಂಕಿ ಒಂದೇ.

ಬೇಸಿಗೆಯ ನಿದ್ದೆ ಉತ್ತರಿಸಿದ್ದು:

ಎಲ್ಲರೂ ಮೈಲಿಯ ಬಗ್ಗೆಯೇ ಬರೆದಿದ್ದಾರೆ, ವಯಸ್ಸನ್ನು ಯಾರೂ ಎತ್ತಿಲ್ಲ. ಸ್ನೋಮೊಬೈಲ್ ವರ್ಷದ ಬಹುಪಾಲು ನಿಂತೇ ಇರುವ ವಾಹನ. ನಿಂತಾಗ ಆಗುವ ಹಾನಿ ಓಡುವಾಗ ಆಗುವ ಹಾನಿಗಿಂತ ಕಡಿಮೆಯೇನಲ್ಲ. ತೊಟ್ಟಿಯಲ್ಲಿ ಉಳಿದ ಪೆಟ್ರೋಲು, ಅದರಲ್ಲೂ ಎಥನಾಲ್ ಬೆರೆತದ್ದು, ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಗಾಡಿಯಾದರೆ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟು ಕಟ್ಟುತ್ತದೆ. ಸಿಲಿಂಡರಿಗೆ ರಕ್ಷಣೆಯ ಎಣ್ಣೆ ಸಿಂಪಡಿಸದೆ ನಿಲ್ಲಿಸಿದರೆ ಕ್ರ್ಯಾಂಕ್ ಬೇರಿಂಗಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ, ಮುಂದಿನ ಹಿಮಕಾಲದಲ್ಲಿ ಆ ಚುಕ್ಕೆಯೇ ಗುಳಿಯಾಗುತ್ತದೆ. ಇಲಿಗಳು ಏರ್‌ಬಾಕ್ಸಿನಲ್ಲಿ ಗೂಡು ಕಟ್ಟುವುದಂತೂ ಎಲ್ಲರಿಗೂ ಗೊತ್ತಿರುವ ಕಥೆ.

ನಿಮ್ಮ 2012ರ ಗಾಡಿ ವರ್ಷಕ್ಕೆ ಸುಮಾರು 700 ಮೈಲಿ ಓಡಿದೆ ಎಂದಾಯಿತು. ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯ ಲಕ್ಷಣ. ಅದೇ ವಯಸ್ಸಿನ, ಬರೀ 1,500 ಮೈಲಿ ಓಡಿ ಶೆಡ್ಡಿನಲ್ಲಿ ಕುಳಿತ ಗಾಡಿಗಿಂತ ಇದನ್ನೇ ನಾನು ಆರಿಸಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಎಲ್ಲಿ ಇಟ್ಟಿದ್ದರು, ಟ್ರ್ಯಾಕನ್ನು ನೆಲದಿಂದ ಎತ್ತಿ ನಿಲ್ಲಿಸಿದ್ದರೇ, ಬೆಲ್ಟನ್ನು ತೆಗೆದಿಟ್ಟಿದ್ದರೇ ಎಂದು ಕೇಳಿ ನೋಡಿ. ನಿಜವಾಗಿ ಮಾಡಿದವರು ತಡವರಿಸದೆ ಉತ್ತರಿಸುತ್ತಾರೆ.

ಬಿಡಿಭಾಗಗಳ ವಿಷಯವನ್ನೂ ಮನಸ್ಸಿನಲ್ಲಿಡಿ. ಯಮಹಾ ಸಂಸ್ಥೆ ಸ್ನೋಮೊಬೈಲ್ ವ್ಯವಹಾರದಿಂದ ಹಿಂದೆ ಸರಿಯುವುದಾಗಿ 2023ರಲ್ಲಿ ಪ್ರಕಟಿಸಿತು. ಉತ್ತರ ಅಮೆರಿಕದಲ್ಲಿ 2025ರ ಮಾದರಿಗಳೇ ಅದರ ಕೊನೆಯವು. ಎಂಜಿನ್ನು ಮೂವತ್ತು ಸಾವಿರ ಮೈಲಿ ಬಾಳುವಂಥದಾದರೂ ಹದಿನೈದು ವರ್ಷಗಳ ನಂತರ ಅದಕ್ಕೊಂದು ಸೆನ್ಸರ್ ಸಿಗದಿದ್ದರೆ ಗಾಡಿ ಅಲ್ಲಿಗೇ ನಿಲ್ಲುತ್ತದೆ. ಇದು ನಾಲ್ಕು ಹೊಡೆತ ಅವರನ್ನು ಹೆದರಿಸಲು ಹೇಳಿದ ಮಾತಲ್ಲ.

ಮೊದಲಹಿಮ ಮತ್ತೆ ಬರೆದದ್ದು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮತ್ತೊಮ್ಮೆ ಹೋಗಿ ನೋಡಿಬಂದೆ. ಟ್ರ್ಯಾಕ್ 137 ಇಂಚು, ಹಲ್ಲು ಒಂದೂಕಾಲು ಇಂಚು, ಆದ್ದರಿಂದ ಹಾದಿಯ ಗಾಡಿಯೆಂಬುದು ಖಚಿತವಾಯಿತು. ಟ್ರ್ಯಾಕನ್ನು ಎರಡು ವರ್ಷದ ಹಿಂದೆ ಬದಲಿಸಿದ ರಸೀದಿ ಇದೆ. ಬೇಸಿಗೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಅವರು ಮಾತಾಡದೆ ಶೆಡ್ಡಿಗೆ ಕರೆದೊಯ್ದು, ಗಾಡಿಯ ಹಿಂಭಾಗವನ್ನು ಎತ್ತಿ ನಿಲ್ಲಿಸುವ ಮರದ ಅಡ್ಡೆಯನ್ನೂ ಅರ್ಧ ಖಾಲಿಯಾದ ರಕ್ಷಣೆಯ ಎಣ್ಣೆಯ ಡಬ್ಬಿಯನ್ನೂ ತೋರಿಸಿದರು.

ಸಿಲಿಂಡರಿನೊಳಗೆ ಎಷ್ಟು ಒತ್ತಡ ಏಳುತ್ತದೆಂದು ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನೂ ಮಾಡಿದೆವು. ಒಂದು ಸಿಲಿಂಡರು 118, ಇನ್ನೊಂದು 121 ಪಿಎಸ್‌ಐ ತೋರಿಸಿತು. ಇಷ್ಟು ಸಾಕೇ? ಮಾಲೀಕರಂತೂ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲವೆಂಬ ಧಾಟಿಯಲ್ಲಿದ್ದಾರೆ.

ಹಳೆಯ ಸ್ಪಾನರ್ ಉತ್ತರಿಸಿದ್ದು:

ಅಂಕಿ ಒಳ್ಳೆಯದೇ. ಎರಡರ ನಡುವಿನ ವ್ಯತ್ಯಾಸ ನೂರಕ್ಕೆ ಮೂರೂ ಇಲ್ಲ. ಹತ್ತರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಎಂಜಿನ್ನು ಬಿಸಿಯಿತ್ತೇ, ಎರಡೂ ಪ್ಲಗ್ಗುಗಳನ್ನು ತೆಗೆದಿದ್ದಿರೇ, ಥ್ರಾಟಲನ್ನು ಪೂರ್ತಿ ತೆರೆದು ಹಿಡಿದಿದ್ದಿರೇ ಎಂಬುದನ್ನು ನೀವು ಬರೆದಿಲ್ಲ. ಥ್ರಾಟಲ್ ಮುಚ್ಚಿಕೊಂಡು ಅಳೆದರೆ ಗಟ್ಟಿಮುಟ್ಟಾದ ಎಂಜಿನ್ನೂ ಸೋತಂತೆ ಕಾಣುತ್ತದೆ. ಒಂದು ಗೇಜಿನಿಂದ ಇನ್ನೊಂದಕ್ಕೆ ಅಂಕಿ ಬದಲಾಗುವುದರಿಂದ, ಬಿಡಿ ಅಂಕಿಗಿಂತ ಎರಡರ ನಡುವಿನ ಅಂತರಕ್ಕೇ ಹೆಚ್ಚು ಬೆಲೆ.

ಆದರೆ ಕಂಪ್ರೆಷನ್ ಪರೀಕ್ಷೆ ಹೇಳುವುದು ಎಂಜಿನ್ನಿನ ಮೇಲರ್ಧದ ಸುದ್ದಿಯನ್ನಷ್ಟೇ. ಟೂ-ಸ್ಟ್ರೋಕ್ ಸಾಯುವುದು ಬಹುಮಟ್ಟಿಗೆ ಕೆಳಗಿನಿಂದ. ಇದನ್ನು ನಾನು ಕಲಿತದ್ದು ನನ್ನದೇ ಗಾಡಿಯಲ್ಲಿ. 6,300 ಮೈಲಿ ಓಡಿತ್ತು, ಎರಡೂ ಸಿಲಿಂಡರು 120ರ ಮೇಲಿದ್ದವು, ಹಿಮಕಾಲದ ಆರಂಭದಲ್ಲಿ ಅಳೆದು ಬೀಗಿದ್ದೆ. ಎರಡನೆಯ ವಾರ, ಒಂದು ಕೆರೆಯ ಉದ್ದಕ್ಕೂ ವೇಗವಾಗಿ ಹೋಗುತ್ತಿರುವಾಗ ಎಂಜಿನ್ನು ತಾನಾಗಿಯೇ ಸುತ್ತು ಹೆಚ್ಚಿಸಿಕೊಂಡಂತಾಯಿತು. ಆ ಸದ್ದು ಹಿತವಾಗಿಯೇ ಇತ್ತು, ಗಾಡಿ ಇಂದು ಹುರುಪಿನಲ್ಲಿದೆ ಎಂದುಕೊಂಡೆ. ಅರ್ಧ ನಿಮಿಷದ ನಂತರ ಪಿಸ್ಟನ್ ಕಚ್ಚಿಕೊಂಡಿತು. ಬಿಚ್ಚಿ ನೋಡಿದರೆ ಫ್ಲೈವೀಲ್ ಬದಿಯ ಕ್ರ್ಯಾಂಕ್ ಸೀಲು ಗಟ್ಟಿಯಾಗಿ ತುಟಿ ಬಿಟ್ಟಿತ್ತು. ಆ ಸೀಲಿನಿಂದ ಗಾಳಿ ನುಗ್ಗಿ, ಆ ಬದಿಯ ಸಿಲಿಂಡರಿನಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗಿ, ಪೆಟ್ರೋಲಿನೊಡನೆ ಬರಬೇಕಾದ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ನಿನ ನೆತ್ತಿ ಕರಗಿತ್ತು. ಕಂಪ್ರೆಷನ್ ಗೇಜಿಗೆ ಇದರ ಸುಳಿವೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

ಆದ್ದರಿಂದ ಮಾಲೀಕರನ್ನು ಇನ್ನೊಂದು ಪರೀಕ್ಷೆಗೆ ಒಪ್ಪಿಸಿ. ಗಾಳಿ ಒಳಬರುವ ಬಾಯಿಗಳನ್ನೂ ಹೊಗೆ ಹೊರಹೋಗುವ ಬಾಯಿಯನ್ನೂ ಮುಚ್ಚಿ, ಕ್ರ್ಯಾಂಕ್‌ಕೇಸಿಗೆ ಕೈಪಂಪಿನಿಂದ 6ರಿಂದ 8 ಪಿಎಸ್‌ಐಯಷ್ಟು ಗಾಳಿ ತುಂಬಿ ಮುಳ್ಳನ್ನು ಗಮನಿಸಬೇಕು. ಅದಕ್ಕಿಂತ ಹೆಚ್ಚು ತುಂಬಬಾರದು, ಒಳ್ಳೆಯ ಸೀಲೂ ಹೊರಗೆ ತಳ್ಳಿಕೊಳ್ಳಬಹುದು. ಮುಳ್ಳು ನಿಂತಲ್ಲೇ ನಿಂತರೆ ಸರಿ. ಇಳಿಯುತ್ತಿದ್ದರೆ ಸೋಪಿನ ನೀರು ಸಿಂಪಡಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕಿ. ಜೊತೆಗೆ ಬೆಲ್ಟಿನ ಹೊದಿಕೆ ತೆಗೆದು ಎಂಜಿನ್ ಕಡೆಯ ಕ್ಲಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ ನೋಡಿ. ಕೈಗೆ ಸಡಿಲ ಗೊತ್ತಾದರೆ ಕ್ರ್ಯಾಂಕ್ ಬೇರಿಂಗು ಹೋಗಿದೆ, ಮಾತು ಅಲ್ಲಿಗೆ ಮುಗಿಯಿತು. ಹೊಗೆಕೊಳವೆ ಬಿಚ್ಚಿದ್ದಾಗಲೇ ಆ ಕಿಂಡಿಯೊಳಗೆ ಟಾರ್ಚು ಬಿಟ್ಟು ಪಿಸ್ಟನ್ನಿನ ಪಕ್ಕವನ್ನು ನೋಡಿ: ಮೇಲಿಂದ ಕೆಳಗೆ ಉದ್ದನೆಯ ಗೀರುಗಳಿದ್ದರೆ ಅದು ಹಿಂದೊಮ್ಮೆ ಕಚ್ಚಿಕೊಂಡು ಬಿಡಿಸಿಕೊಂಡ ಎಂಜಿನ್ನು.

ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಅವರು ಥ್ರಾಟಲ್ ಹಿಂಡುತ್ತಾರೆಯೋ, ಎಂಜಿನ್ನು ಬೆಚ್ಚಗಾಗಲು ಕಾಯುತ್ತಾರೆಯೋ ಎಂಬುದನ್ನು ಸುಮ್ಮನೆ ಪಕ್ಕದಲ್ಲಿ ನಿಂತು ಗಮನಿಸಿ. ಪಿಸ್ಟನ್ನು ಬೇಗ ಹಿಗ್ಗುತ್ತದೆ, ಸುತ್ತಲಿನ ತಣ್ಣನೆಯ ಸಿಲಿಂಡರು ಹಿಗ್ಗುವುದಕ್ಕೆ ಹೊತ್ತು ಬೇಕು. ಅವಸರದವರ ಎಂಜಿನ್ನು ಈ ಅಂತರದಲ್ಲೇ ಸಿಕ್ಕಿಕೊಳ್ಳುತ್ತದೆ.

ಮೊದಲಹಿಮ ಮತ್ತೆ ಬರೆದದ್ದು:

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಗಾಳಿ ತುಂಬುವ ಪರೀಕ್ಷೆಗೆ ಮಾಲೀಕರು ಮೊದಲು ಗೊಣಗಿದರೂ ಆಮೇಲೆ ತಾವೇ ಕುತೂಹಲದಿಂದ ನಿಂತು ನೋಡಿದರು. ಮುಳ್ಳು 7ರಿಂದ ಒಂದು ನಿಮಿಷದಲ್ಲಿ 4ಕ್ಕೆ ಇಳಿಯಿತು. ನನ್ನ ಎದೆ ಧಸಕ್ಕೆಂದಿತು. ಆದರೆ ಸೋಪಿನ ಗುಳ್ಳೆ ಎದ್ದದ್ದು ಕ್ರ್ಯಾಂಕ್ ಸೀಲಿನ ಬಳಿಯಲ್ಲ. ಎಂಜಿನ್ನಿಗೆ ಗಾಳಿ ತರುವ ರಬ್ಬರ್ ಕೊಳವೆಯೊಂದು ಕೆಳಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಸೀಳಿತ್ತು. ಎರಡೂ ಕೊಳವೆಗಳನ್ನು ಅವರೇ ಹೊಸದು ಹಾಕಿಸಿದರು. ಮತ್ತೆ ತುಂಬಿದಾಗ ಮುಳ್ಳು ಕದಲಲಿಲ್ಲ. ಕ್ಲಚ್ಚಿನಲ್ಲಿ ಸಡಿಲವಿಲ್ಲ, ಪಿಸ್ಟನ್ನುಗಳ ಪಕ್ಕದಲ್ಲಿ ಗೀರಿಲ್ಲ.

ಗಾಡಿ ಈಗ ನನ್ನದು. ಸ್ಪಾನರ್ ಅವರ ಮಾತಿನಂತೆ ಮೊದಲ ಸವಾರಿಗೂ ಮುಂಚೆಯೇ ಪಿಸ್ಟನ್, ರಿಂಗ್, ಕ್ರ್ಯಾಂಕಿನ ಹೊರಸೀಲುಗಳನ್ನು ಬದಲು ಮಾಡಿಸಿದೆ. ಹಳೆಯ ಪಿಸ್ಟನ್ನುಗಳಲ್ಲಿ ಒಂದರ ಕೆಳ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಇನ್ನೊಂದು ಸರಿಯಾಗಿತ್ತು. ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಈ ಕೆಲಸ ಮಾಡಿಸಿದ ಮೈಲಿಯನ್ನು ಎಲ್ಲಾದರೂ ಬರೆದಿಡುವ ಪದ್ಧತಿ ಇದೆಯೇ?

ಹಳೆಯ ಸ್ಪಾನರ್ ಉತ್ತರಿಸಿದ್ದು:

ಪುಸ್ತಕ ಕಳೆದುಹೋಗುತ್ತದೆ, ರಸೀದಿ ಮಾಸುತ್ತದೆ. ಬೆಲ್ಟಿನ ಹೊದಿಕೆಯ ಒಳಮೈಯಲ್ಲಿ ಅಳಿಸದ ಶಾಯಿಯಿಂದ ಬರೆದಿಡಿ. ಗಾಡಿಯ ಜೊತೆಗೇ ಹೋಗುತ್ತದೆ.

ಮೊದಲಹಿಮ ಮತ್ತೆ ಬರೆದದ್ದು:

ಹೊದಿಕೆ ತೆಗೆದು ತಿರುಗಿಸಿದೆ. ಅಲ್ಲಿ ಆಗಲೇ ಹಿಂದಿನ ಮಾಲೀಕರ ಕೈಬರಹವಿದೆ: ಬೆಲ್ಟ್ 2,140, ಬೆಲ್ಟ್ 4,385, ಬೆಲ್ಟ್ 6,900, ಟ್ರ್ಯಾಕ್ 8,050. ಪರೀಕ್ಷೆಯ ದಿನ ಇದೇ ಹೊದಿಕೆಯನ್ನು ತೆಗೆದು ಪಕ್ಕಕ್ಕಿಟ್ಟಿದ್ದೆವು, ಒಳಮೈಯನ್ನು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ, ಅವರೂ ಹೇಳಿರಲಿಲ್ಲ. ಕೆಳಗೆ ಇನ್ನೂ ಜಾಗವಿತ್ತು. ಪಿಸ್ಟನ್ 9,214 ಎಂದು ಸೇರಿಸಿದೆ.